ಕಾದು ನಿಂತ ಕಾರಿನ ಎಂಜಿನ್: ದುರಸ್ತಿ ಮಾಡಿಸಬೇಕೆ, ಬಿಡಬೇಕೆ?

ಪಶು ಆಹಾರದ ಮೂಟೆ ತರಲು, ಸಂತೆಗೆ, ಆಸ್ಪತ್ರೆಗೆ ಎಂದು ನಮ್ಮ ಸದಸ್ಯರಲ್ಲಿ ಹಲವರ ಮನೆಯಲ್ಲಿ ಹಳೆಯ ಮಾರುತಿ ಓಮ್ನಿ ವ್ಯಾನುಗಳು ಇನ್ನೂ ದುಡಿಯುತ್ತಿವೆ. ಈ ವಾಹನದ ತಯಾರಿಕೆ 2019ರಲ್ಲಿಯೇ ನಿಂತಿರುವುದರಿಂದ ರಸ್ತೆಯಲ್ಲಿರುವ ಓಮ್ನಿಗಳೆಲ್ಲವೂ ವಯಸ್ಸಾದವು. ಬೇಸಿಗೆಯಲ್ಲಿ ಭಾರ ಹೇರಿಕೊಂಡು ಹೋಗುವಾಗ ನೀರು ಸೋರಿ, ಎಂಜಿನ್ ವಿಪರೀತ ಕಾದು ದಾರಿಯಲ್ಲೇ ನಿಂತರೆ ಒಬ್ಬ ಮೆಕ್ಯಾನಿಕ್ "ಪೂರ್ತಿ ಎಂಜಿನ್ ಕೆಲಸ ಆಗಬೇಕು" ಎನ್ನುತ್ತಾರೆ, ಮತ್ತೊಬ್ಬರು "ಗ್ಯಾಸ್ಕೆಟ್ ಹಾಕಿದರೆ ಸಾಕು" ಎನ್ನುತ್ತಾರೆ. ಬಿಚ್ಚಿ ನೋಡದೆ ಹೇಳಿದ ಈ ಎರಡೂ ಬರೀ ಊಹೆ. ಕೆಚ್ಚಲು ಬಾವು ಬಂದ ಹಸುವನ್ನು ಪರೀಕ್ಷೆ ಮಾಡಿಸದೆ ಯಾರೂ ಸಂತೆಗೆ ಹೊಡೆಯುವುದಿಲ್ಲ. ಹಲವು ತಿಂಗಳ ಹಾಲಿನ ಬಟವಾಡೆ ಹಣ ನುಂಗುವ ಎಂಜಿನ್ನಿಗೂ ಅಷ್ಟೇ ಎಚ್ಚರಿಕೆ ಬೇಕು.

ಶಾಖ ಎಲ್ಲಿಯವರೆಗೆ ಇಳಿದಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಓಮ್ನಿಯ 796 ಸಿ.ಸಿ. ಎಂಜಿನ್ನಿನ ಕೆಳಭಾಗವಾದ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂನದು. ಒಂದು ಅಡಿ ಉದ್ದದ ಅಲ್ಯೂಮಿನಿಯಂ 100 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ. ಕಬ್ಬಿಣ ಹಿಗ್ಗುವುದು ಅದರ ಅರ್ಧದಷ್ಟು ಮಾತ್ರ. ಬೋಲ್ಟುಗಳು ಹೆಡ್ಡನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ನಡುವಿನ ಗ್ಯಾಸ್ಕೆಟ್ ಸುಟ್ಟು ನೀರು, ಎಣ್ಣೆ, ಹೊಗೆ ಒಂದಕ್ಕೊಂದು ಬೆರೆಯುತ್ತವೆ. ಹಾನಿ ಇಲ್ಲಿಗೇ ನಿಂತಿದ್ದರೆ ದುರಸ್ತಿ ಕೈಗೆಟುಕುವಂಥದು. ಆಮೇಲೂ ಓಡಿಸಿದ್ದರೆ ಎಣ್ಣೆ ತೆಳ್ಳಗಾಗಿ ಪಿಸ್ಟನ್ ಬೋರಿಗೆ ಉಜ್ಜುತ್ತದೆ, ಬೇರಿಂಗುಗಳು ಸವೆಯುತ್ತವೆ. ಆಗ ಲೆಕ್ಕವೇ ಬೇರೆ.

ಆದ್ದರಿಂದ ಗಾಡಿ ಓಡಿಸಿದವರನ್ನು ಮೊದಲು ಕೇಳಬೇಕಾದ್ದು, ಮುಳ್ಳು ಮೇಲಕ್ಕೆ ಹೋದ ಮೇಲೆ ಎಷ್ಟು ದೂರ ಓಡಿಸಿದಿರಿ ಎಂಬುದು. ಕೂಡಲೇ ನಿಲ್ಲಿಸಿದ ಎಂಜಿನ್ನಿಗೂ ತಾನಾಗಿಯೇ ಬಿಗಿದು ನಿಂತ ಎಂಜಿನ್ನಿಗೂ ಬಹಳ ಅಂತರವಿದೆ. ಮನೆಯ ಹುಡುಗರು ಬೈಗುಳಕ್ಕೆ ಹೆದರಿ ದೂರವನ್ನು ಕಡಿಮೆ ಹೇಳುವುದುಂಟು. ಬೈಯದೆ ಕೇಳಿದರೆ ನಿಜ ಹೊರಬರುತ್ತದೆ. ಇನ್ನೊಂದು ವಿಷಯ: ನೀರೆಲ್ಲ ಖಾಲಿಯಾದರೆ ಶಾಖ ಅಳೆಯುವ ಸೆನ್ಸರ್ ನೀರಿನಿಂದ ಹೊರಗುಳಿದು ಮುಳ್ಳು ಕೆಳಗಿಳಿಯಲೂಬಹುದು. "ಮೀಟರ್ ಸರಿಯಾಗಿಯೇ ಇತ್ತು" ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ತೆಗೆಯಕೂಡದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿ ಕಾದಿರುತ್ತದೆ, ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು, ಉಳಿದಿದ್ದ ಹೆಡ್ ಅದರಿಂದಲೇ ಸೀಳಬಹುದು. ತಣಿದ ಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ, ಎಂಜಿನ್ ಸ್ಟಾರ್ಟ್ ಮಾಡಕೂಡದು. ಎಣ್ಣೆ ಚೊಕ್ಕಟವಾಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡುವುದು. ಸಲೀಸಾಗಿ ತಿರುಗಿದರೆ ಅದು ಒಳ್ಳೆಯ ಲಕ್ಷಣ.

ಮುಂದಿನ ಹೆಜ್ಜೆ ಕಂಪ್ರೆಷನ್ ಪರೀಕ್ಷೆ. ಬಿಚ್ಚುವ ಮೊದಲೇ ಬಹಳಷ್ಟು ತಿಳಿಸುವ ಅಗ್ಗದ ಪರೀಕ್ಷೆಯಿದು, ಆದರೂ ಕೇಳಿ ಮಾಡಿಸಿಕೊಳ್ಳುವವರು ಕಡಿಮೆ. ಮೂರು ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ತೊಂದರೆ ಮೇಲಿದೆ, ಗ್ಯಾಸ್ಕೆಟ್ ಅಥವಾ ವಾಲ್ವಿನಲ್ಲಿ.

ಹೆಡ್ ಇಳಿಸಿದ ದಿನ ಗ್ಯಾರೇಜಿನಲ್ಲಿ ತಾವೇ ಹಾಜರಿರುವುದು ಒಳ್ಳೆಯದು. ಬೋರಿನ ಒಳಗೋಡೆಯಲ್ಲಿ ಉಗುರಿಗೆ ಸಿಕ್ಕುವಂಥ ಗೀರುಗಳಿವೆಯೇ ನೋಡಿ. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಅಳೆಯಬೇಕು. ಇಂಥ ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.05 ಮಿ.ಮೀ. ಗಿಂತ ಹೆಚ್ಚು ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಬೇಕಾಗುತ್ತದೆ. ಬರಿಗಣ್ಣಿಗೆ ಕಾಣದ ಸೀಳುಗಳಿರುವುದರಿಂದ ಪ್ರೆಶರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಸೀಳಿದ ಹೆಡ್ಡಿಗೆ ವೆಲ್ಡಿಂಗ್ ಮಾಡಿಸುವುದಕ್ಕಿಂತ ಒಳ್ಳೆಯ ಸ್ಥಿತಿಯ ಬೇರೆ ಹೆಡ್ ಹಾಕಿಸುವುದೇ ಲೇಸು ಎಂದು ನಮ್ಮ ಅಭಿಪ್ರಾಯ.

ಬೋರ್ ನುಣುಪಾಗಿದ್ದು ಹೆಡ್ ಮಾತ್ರ ಕೆಟ್ಟಿದ್ದರೆ ಸಾಮಾನ್ಯವಾಗಿ ದುರಸ್ತಿ ಮಾಡಿಸಬಹುದು. ಬೋರ್, ಬೇರಿಂಗ್ ಕೂಡ ಹೋಗಿದ್ದರೆ ಪೆನ್ನು ಹಿಡಿದು ಕೂರಬೇಕು. ಲೆಕ್ಕ ಹೀಗೆ: ಎಂಜಿನ್ ಸರಿಯಿದ್ದರೆ ವ್ಯಾನ್ 80 ಸಾವಿರಕ್ಕೂ, ಕೆಟ್ಟ ಸ್ಥಿತಿಯಲ್ಲಿ 25 ಸಾವಿರಕ್ಕೂ ಹೋಗುತ್ತದೆ ಎಂದಿಟ್ಟುಕೊಳ್ಳಿ (ಇದು ಉದಾಹರಣೆಯಷ್ಟೇ, ಮಾರುಕಟ್ಟೆ ದರವಲ್ಲ). ಅಂತರ 55 ಸಾವಿರ. ಖರ್ಚು 15 ಸಾವಿರವಾದರೆ ಯೋಚಿಸುವ ಅಗತ್ಯವಿಲ್ಲ. 50 ಸಾವಿರವಾದರೆ ಕೈಗೆ ಉಳಿಯುವುದು ಐದು ಸಾವಿರ ಮಾತ್ರ, ತಳ ತುಕ್ಕು ಹಿಡಿದ ಗಾಡಿಗೆ ಅಷ್ಟು ಹಣ ಸುರಿಯುವುದು ಬೇಡ. 15 ವರ್ಷ ದಾಟಿದ ವಾಹನವಾದರೆ ನೋಂದಣಿ ನವೀಕರಣ ಯಾವಾಗ ಬರುತ್ತದೆ ಎಂದು ನೋಡಿ ಆ ಖರ್ಚನ್ನೂ ಸೇರಿಸಿಕೊಳ್ಳಿ. ವಿಮೆಯಿಂದ ಬರುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಯಾಂತ್ರಿಕ ದೋಷ ಸಾಮಾನ್ಯ ಪಾಲಿಸಿಯಲ್ಲಿ ಸೇರಿರುವುದಿಲ್ಲ.

ಹಳೆಯ ಎಂಜಿನ್ ತಂದು ಕೂರಿಸುವುದು ಮತ್ತೊಂದು ದಾರಿ. ಆದರೆ ಎಂಜಿನ್ ನಂಬರ್ ಬದಲಾಗುವುದರಿಂದ ಮಾರಿದವರಿಂದ ಬಿಲ್ಲು ಪಡೆದು, ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸಿಕೊಳ್ಳಬೇಕು. ಕಾಗದಪತ್ರವಿಲ್ಲದ ಎಂಜಿನ್ ಎಷ್ಟೇ ಅಗ್ಗವಾದರೂ ಬೇಡ.

ಯಾವ ದಾರಿ ಹಿಡಿದರೂ ಎಂಜಿನ್ ಕಾದದ್ದು ಏಕೆ ಎಂಬುದು ಪತ್ತೆಯಾಗದೆ ಬಿಲ್ಲು ಕೊಡಬೇಡಿ. ಓಮ್ನಿಯಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಮುಂಸೀಟಿನ ಕೆಳಗೆ. ನಡುವೆ ಓಡುವ ನೀರಿನ ಕೊಳವೆಗಳು ಹಳೆಯದಾಗಿ ಒಡೆಯುತ್ತವೆ, ಕಣ್ಣಿಗೂ ಬೀಳುವುದಿಲ್ಲ. ಕೊಳವೆ, ವಾಟರ್ ಪಂಪ್, ಥರ್ಮೋಸ್ಟಾಟ್, ಫ್ಯಾನ್, ರೇಡಿಯೇಟರ್ ಮುಚ್ಚಳ ಇಷ್ಟನ್ನೂ ನೋಡಿಸಿ. ಹೆಡ್ ಇಳಿಸಿದಾಗಲೇ ಟೈಮಿಂಗ್ ಬೆಲ್ಟ್ ಬದಲಿಸಿಬಿಟ್ಟರೆ ಕೂಲಿ ಉಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಬದಲು ಕೂಲೆಂಟ್ ಹಾಕಿಸಿ, ಮೊದಲ ಒಂದು ವಾರ ದಿನವೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅದರ ಮಟ್ಟವನ್ನೂ ಎಣ್ಣೆಯ ಬಣ್ಣವನ್ನೂ ನೋಡುತ್ತಿರಿ.