ಎಷ್ಟು ಇಂಚು ನೀರು?

‘ಎಷ್ಟು ಇಂಚು ನೀರಿದೆ, ಅಷ್ಟು ಹೇಳಪ್ಪಾ ಸಾಕು’ ಎಂದರು ಲಿಂಗರಾಜಪುರದ ಆ ಕಟ್ಟಡದ ಮಾಲೀಕರು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ನನಗೆ ಅದು ಮೊದಲ ಫೀಲ್ಡ್ ಕೆಲಸ. ಕೊಳವೆ ಬಾವಿಗೆ ದೊಡ್ಡ ಮೋಟಾರ್ ಇಳಿಸಬಹುದೇ ಎಂದು ಪರೀಕ್ಷಿಸಬೇಕಿತ್ತು. ವರದಿ ಚೆನ್ನಾಗಿ ಬಂದರೆ ಇನ್ನೆರಡು ಕಟ್ಟಡಗಳ ಕೆಲಸವನ್ನೂ ಕೊಡುವುದಾಗಿ ಅವರು ಹೇಳಿದ್ದರು.

ಕೊರೆದ ದಿನ ರಿಗ್‌ನವರು ಹೇಳುವ ‘ಇಂಚು’ ಆ ಹೊತ್ತಿನ ಲೆಕ್ಕವಷ್ಟೇ. ಬೆಂಗಳೂರಿನ ನೆಲದಡಿ ಇರುವುದು ನೈಸ್, ಗ್ರಾನೈಟ್‌ನಂಥ ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. ಅದರ ಅಂದಾಜು ಸಿಗಬೇಕಾದರೆ ಒಂದೇ ಪ್ರಮಾಣದಲ್ಲಿ ನೀರೆತ್ತುತ್ತಾ, ಮಟ್ಟ ಎಷ್ಟು ಬೇಗ ಇಳಿಯುತ್ತದೆಂದು ಅಳೆಯಬೇಕು. ಅಮೆರಿಕದ ಸಿ.ವಿ. ಥೈಸ್ 1935ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು.

ಟೇಪ್ ಇಳಿಸಿ, ತುದಿ ನೀರಿಗೆ ತಾಗಿ ‘ಬೀಪ್’ ಎಂದಾಗ ಆಳ ಬರೆದುಕೊಳ್ಳುವುದು ನನ್ನ ಕೆಲಸ. ಮೊದಲು ನಿಮಿಷಕ್ಕೊಮ್ಮೆ, ಆಮೇಲೆ ಐದು, ಹತ್ತು, ಮೂವತ್ತು ನಿಮಿಷಕ್ಕೊಮ್ಮೆ. ನೀರೆತ್ತುವ ಬಾವಿಯೊಂದನ್ನೇ ನೋಡಿದರೆ, ನೆಲ ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆಂಬ ಲೆಕ್ಕ ನಂಬುವಂತೆ ಸಿಗುವುದಿಲ್ಲ. ಅದಕ್ಕೇ ಹಿಂದಿನ ಮನೆಯ ಅಜ್ಜಿಯ ಬೋರ್‌ವೆಲ್‌ನಲ್ಲೂ ಅಳತೆ ನಡೆದಿತ್ತು.

ಎರಡು ಗಂಟೆ ಕಳೆಯುವಷ್ಟರಲ್ಲಿ ಮಟ್ಟ ಹೆಚ್ಚುಕಡಿಮೆ ನಿಂತಿತು. ‘ಸಾಕಲ್ವಾ? ಬರೆದುಕೊಟ್ಟುಬಿಡಿ’ ಎಂದರು ಮಾಲೀಕರು. ಹಸಿದಿದ್ದ ನನಗೂ ಸಾಕೆನಿಸಿತ್ತು. ನನ್ನ ಸೀನಿಯರ್ ಮಾತ್ರ ‘ಓಡಲಿ ಬಿಡು’ ಎಂದರು.

ನಾಲ್ಕನೇ ಗಂಟೆಯಲ್ಲಿ ಮಟ್ಟ ದಡದಡನೆ ಕುಸಿಯತೊಡಗಿತು. ಅರೆ-ಲಾಗ್ ಹಾಳೆಯಲ್ಲಿ ನೇರ ಸಾಗುತ್ತಿದ್ದ ಗೆರೆ ಕೆಳಗೆ ಬಾಗಿತು. ನೀರು ಕೊಡುತ್ತಿದ್ದ ಮುಖ್ಯ ಬಿರುಕು ಬರಿದಾಗುತ್ತಿತ್ತು. ಅಜ್ಜಿಯ ಬಾವಿಯಲ್ಲೂ ಹನ್ನೊಂದು ಅಡಿ ಇಳಿದಿತ್ತು. ಪಂಪ್ ನಿಲ್ಲಿಸಿ ಕತ್ತಲಾಗುವವರೆಗೆ ಅಳೆದೆವು. ಮಟ್ಟ ಪೂರ್ತಿ ಮೇಲೇರಲಿಲ್ಲ.

‘ದೊಡ್ಡ ಮೋಟಾರ್ ಬೇಡ, ಚಿಕ್ಕದನ್ನು ಬಿಟ್ಟು ಬಿಟ್ಟು ಓಡಿಸಿ’ ಎಂದು ವರದಿ ಬರೆದೆವು. ಉಳಿದೆರಡು ಕೆಲಸ ನಮಗೆ ಬರಲಿಲ್ಲ. ಆ ವಾರವೆಲ್ಲ, ಎರಡು ಗಂಟೆಗೇ ನಿಲ್ಲಿಸಬಹುದಿತ್ತೇನೋ ಎಂದು ಕೊರಗಿದೆ.

2024ರ ಮಾರ್ಚ್‌ನಲ್ಲಿ, ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಆ ಸುದ್ದಿ ನೆನಪಾದಾಗಲೆಲ್ಲ ಅಜ್ಜಿಯ ಬಾವಿ ಕಣ್ಣ ಮುಂದೆ ಬರುತ್ತದೆ. ಈಗ ಯಾರಾದರೂ ‘ಎಷ್ಟು ಇಂಚು?’ ಎಂದರೆ ನಾನೂ ಕೇಳುತ್ತೇನೆ: ‘ಎಷ್ಟು ಗಂಟೆ ಓಡಿಸಿದ ಮೇಲೆ? ಪಕ್ಕದ ಮನೆಯ ಬಾವಿ ನೋಡಿದ್ರಾ?’