ಉಪಶಾಮಕ ಆರೈಕೆಯ ಗುಣಮಟ್ಟ: ಭಾಷೆಯೂ ಒಂದು ಮಾನದಂಡ

ಉಪಶಾಮಕ ಆರೈಕೆಗೆ 2008ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿದ ಕೇರಳದಲ್ಲಿ, ಸ್ಥಳೀಯಾಡಳಿತದ ನೆರವಿನಿಂದ ನರ್ಸ್ ಹಾಗೂ ಸ್ವಯಂಸೇವಕರು ಗುಣವಾಗದ ಕಾಯಿಲೆಯವರ ಮನೆಗೇ ಬರುತ್ತಾರೆ. ಇಂತಹ ಸೇವೆಯನ್ನು ಅಳೆಯುವಾಗ ಭೇಟಿಗಳ ಕ್ರಮ, ಮಾರ್ಫಿನ್‌ನ ಲಭ್ಯತೆ, ರಾತ್ರಿಯ ಕರೆಗೆ ಸಿಗುವ ಉತ್ತರ, ಮನೆಯವರಿಗೆ ನೀಡುವ ತರಬೇತಿ, ಮರಣಾನಂತರದ ಸಾಂತ್ವನ ಇವೆಲ್ಲ ಮುಖ್ಯ. ಕಾಸರಗೋಡಿನ ಕನ್ನಡಿಗರ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಅನಿವಾರ್ಯ: ರೋಗಿಯ ನೋವು ಯಾವ ಭಾಷೆಯಲ್ಲಿ ದಾಖಲಾಗುತ್ತದೆ?

‘ಸಂಕಟ’ ಎಂಬ ಪದ ಕನ್ನಡದಲ್ಲಿ ದೇಹದ ಬಾಧೆಯನ್ನೂ ಸೂಚಿಸುತ್ತದೆ. ಮಲಯಾಳದ ‘ಸಂಕಟಂ’ ಮುಖ್ಯವಾಗಿ ದುಃಖವಾಚಿ. ‘ಸಂಕಟವಾಗುತ್ತದೆ’ ಎಂದ ವೃದ್ಧೆಗೆ ಔಷಧದ ಬದಲು ಸಮಾಧಾನದ ಮಾತಷ್ಟೇ ಸಿಗಬಹುದು. ಉರಿ, ಜೋಮು, ಸೆಳೆತ ಎಂಬ ಭೇದಗಳೂ ಗಣನೀಯ. ನರಸಂಬಂಧಿ ನೋವಿಗೆ ಅನೇಕ ವೇಳೆ ಬೇರೆಯೇ ಔಷಧಗಳು ಬೇಕಾಗುತ್ತವೆ. ಸೊನ್ನೆಯಿಂದ 10ರವರೆಗಿನ ಅಂಕವು ನೋವಿನ ತೀವ್ರತೆಯನ್ನು ಹೇಳುತ್ತದೆಯೇ ಹೊರತು ಸ್ವರೂಪವನ್ನಲ್ಲ.

ಆದುದರಿಂದ ಮೌಲ್ಯಮಾಪಕರು ಎರಡು ಅಂಶಗಳನ್ನು ಪರಿಶೀಲಿಸಬೇಕು. ಕಡತದಲ್ಲಿ ರೋಗಿಯ ಸ್ವಂತ ಮಾತು ಉಳಿದಿದೆಯೇ? ಮನೆಯವರೇ ದುಭಾಷಿಗಳಾದಲ್ಲಿ, ಅವರೆದುರು ಹೇಳಲಾಗದುದನ್ನು ಕೇಳಿಸಿಕೊಳ್ಳಲು ಕನ್ನಡ ಬಲ್ಲವರೊಬ್ಬರು ತಂಡದಲ್ಲಿದ್ದಾರೆಯೇ? ಕೊನೆಯ ದಿನಗಳಲ್ಲಿ ತನ್ನ ನೋವನ್ನು ತಾನೇ ಹೇಳಿಕೊಳ್ಳುವುದು ಸೌಜನ್ಯದ ಕೊಡುಗೆಯಲ್ಲ, ಚಿಕಿತ್ಸೆಯ ಅಂಗ.