ಹಳೆಯ ಕಾರಿನ ಎ.ಸಿ. ಪಂಪು: ಕೀಳಬೇಕೇ, ಜೊತೆ ಕೊಡಬೇಕೇ?

ಬೇಸಿಗೆಯ ಮಧ್ಯಾಹ್ನ ಶಿರಾಡಿ ಘಾಟಿ ಏರುವ ಹಳೆಯ ಪ್ರೀಮಿಯರ್ ಪದ್ಮಿನಿ ಮುಗ್ಗರಿಸಿ ನಿಂತಿತೆಂದರೆ ಮೊದಲ ಗುಮಾನಿ ಎ.ಸಿ. ಪಂಪಿನ ಮೇಲೆ. ಟ್ಯಾಂಕಿನ ಪೆಟ್ರೋಲನ್ನು ಕಾರ್ಬುರೇಟರಿಗೆ ಮುಟ್ಟಿಸುವ, ಎಂಜಿನ್ನಿನ ಮೈಗೇ ಅಂಟಿಕೊಂಡ ಪುಟ್ಟ ಪಂಪು ಅದು. ಒದ್ದೆ ಬಟ್ಟೆ ಸುತ್ತಿ ಅದನ್ನು ತಣಿಸುವುದು ಡ್ರೈವರುಗಳ ಹಳೆಯ ಉಪಾಯ. ಈಗಿನ ಗ್ಯಾರೇಜುಗಳ ಉಪಾಯ ಬೇರೆ: ಕಿತ್ತೆಸೆಯಿರಿ, ಎಲೆಕ್ಟ್ರಿಕ್ ಪಂಪು ಹಾಕಿಸಿ. ಈ ಸಲಹೆಯಲ್ಲಿ ಅರ್ಧ ಮಾತ್ರ ಸರಿ. ಎಲೆಕ್ಟ್ರಿಕ್ ಪಂಪು ಇರಲಿ, ಆದರೆ ಹಳೆಯದರ ಜಾಗಕ್ಕೆ ಬೇಡ. ಹಳೆಯದನ್ನು ರಿಪೇರಿ ಮಾಡಿ ದುಡಿಸಬೇಕು, ಹೊಸದು ಅದರ ಪಕ್ಕದಲ್ಲಿ ಬೇಕಾದಾಗ ಮಾತ್ರ ಓಡುವಂತೆ ಇರಬೇಕು.

ಕಾರಣ ತಿಳಿಯಬೇಕಾದರೆ ಎ.ಸಿ. ಪಂಪಿನ ಒಳಗೇನಿದೆ ಎಂದು ನೋಡಬೇಕು. ಕ್ಯಾಮ್‌ಶಾಫ್ಟಿನ ಮೇಲಿನ ಒಂದು ಉಬ್ಬು ತಿರುಗುವಾಗಲೆಲ್ಲ ಪಂಪಿನ ಸನ್ನೆಯನ್ನು ಒತ್ತುತ್ತದೆ. ಸನ್ನೆ ರಬ್ಬರ್ ಲೇಪದ ಡಯಾಫ್ರಮ್ಮನ್ನು ಎಳೆಯುತ್ತದೆ. ಆಗ ಟ್ಯಾಂಕಿನಿಂದ ಪೆಟ್ರೋಲ್ ಒಳಗೆ ಬರುತ್ತದೆ. ಅದನ್ನು ಕಾರ್ಬುರೇಟರಿಗೆ ತಳ್ಳುವ ಕೆಲಸ ಮಾತ್ರ ಸ್ಪ್ರಿಂಗಿನದು. ಹಾಗಾಗಿ ಎಂಜಿನ್ ಎಷ್ಟು ಜೋರಾಗಿ ಓಡಿದರೂ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರುವುದಿಲ್ಲ. ಸಾಮಾನ್ಯವಾಗಿ 2ರಿಂದ 4 ಪಿ.ಎಸ್.ಐ. ಇರುತ್ತದೆ. ಕಾರ್ಬುರೇಟರಿನ ಬಟ್ಟಲು ತುಂಬಿ ಸೂಜಿ ವಾಲ್ವ್ ಮುಚ್ಚಿದರೆ ಸ್ಪ್ರಿಂಗು ಅದುಮಿಕೊಂಡೇ ಇರುತ್ತದೆ, ಸನ್ನೆ ಸುಮ್ಮನೆ ಆಡುತ್ತದೆ. ಎಂಜಿನ್ ನಿಂತರೆ ಪಂಪೂ ನಿಂತಿತು. ಅಪಘಾತದಲ್ಲಿ ಪೈಪು ಕಿತ್ತುಬಂದರೂ ಈ ಪಂಪು ಪೆಟ್ರೋಲ್ ಸುರಿಯುತ್ತ ಕೂರುವುದಿಲ್ಲ. ವೈರಿಲ್ಲ, ಫ್ಯೂಸಿಲ್ಲ, ಸ್ವಿಚ್ಚಿಲ್ಲ. ಇದಕ್ಕೂ ಹಿಂದಿನ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪಂಪೇ ಇರಲಿಲ್ಲ. ಪೆಟ್ರೋಲ್ ತಾನಾಗಿ ಇಳಿದು ಬರಬೇಕಿತ್ತು. ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಾಗ ಕಡಿದಾದ ಏರು ಸಿಕ್ಕರೆ ಜನ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತಿದ್ದರು! ಆ ಫಜೀತಿಯನ್ನು ತಪ್ಪಿಸಿದ ಪಂಪನ್ನು ಗುಜರಿಗೆ ಹಾಕುವ ಮುನ್ನ ಎರಡು ಸಲ ಯೋಚಿಸುವುದು ನ್ಯಾಯ.

ಹಾಗೆಂದು ಅದು ನಿರ್ದೋಷಿಯಲ್ಲ. ಟ್ಯಾಂಕು ಹಿಂದೆ, ಪಂಪು ಮುಂದೆ. ಅದು ಅಷ್ಟುದ್ದದ ಪೈಪಿನಿಂದ ಹೀರಬೇಕು. ಹೀರುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ದ್ರವ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಬಾನೆಟ್ಟಿನ ಕೆಳಗಿನ ಬಿಸಿಗೆ ಪೆಟ್ರೋಲಿನ ಹಗುರ ಅಂಶಗಳು ಆವಿಯಾದರೆ ಪಂಪಿನ ಹಿಡಿತಕ್ಕೆ ಸಿಗುವುದು ಬರೀ ಗುಳ್ಳೆ. ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ. ಎರಡನೆಯ ದೋಷ ಇದಕ್ಕಿಂತ ಕಪಟಿ. ಡಯಾಫ್ರಮ್ ಹರಿದಾಗ ಪೆಟ್ರೋಲ್ ಹೊರಗೆ ಸೋರದೆ ಎಂಜಿನ್ ಆಯಿಲ್‌ಗೆ ಇಳಿಯಬಹುದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಸವೆಸುತ್ತದೆ, ಮಾಲೀಕನಿಗೆ ಗೊತ್ತಾಗುವಾಗ ಎಂಜಿನ್ ಬಿಚ್ಚುವ ಖರ್ಚು ಬಂದಿರುತ್ತದೆ. ಈಗ ಇದಕ್ಕೆ ಎಥೆನಾಲ್ ಸೇರಿಕೊಂಡಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ. ಪದ್ಮಿನಿ, ಅಂಬಾಸಿಡರುಗಳ ಕಾಲದ ರಬ್ಬರನ್ನು ಇಂಥ ಮಿಶ್ರಣಕ್ಕೆಂದು ಆರಿಸಿದ್ದಲ್ಲ. ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಜೊತೆಗೆ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕು ತುಕ್ಕು ಹಿಡಿಯಲು ಅಷ್ಟು ಸಾಕು. ಆದ್ದರಿಂದ ಎಥೆನಾಲ್ ತಾಳುವ ಡಯಾಫ್ರಮ್, ವಾಲ್ವುಗಳಿರುವ ರಿಪೇರಿ ಕಿಟ್ ಹಾಕಿಸುವುದು ಮೊದಲ ಕೆಲಸ. ರಬ್ಬರ್ ಪೈಪುಗಳನ್ನೂ ಆಗಲೇ ಬದಲಿಸಬೇಕು. ಪಂಪಿಗೂ ಎಂಜಿನ್ನಿಗೂ ನಡುವಿನ ದಪ್ಪ ತುಂಡನ್ನು ಮೂಲದ ಅಳತೆಯದನ್ನೇ ಕೂರಿಸಬೇಕು. ಅದು ಬಿಸಿಯನ್ನು ತಡೆಯುವುದಲ್ಲದೆ ಸನ್ನೆ ಎಷ್ಟು ಆಡಬೇಕೆಂಬುದನ್ನೂ ನಿರ್ಧರಿಸುತ್ತದೆ.

ಪೂರ್ತಿ ಎಲೆಕ್ಟ್ರಿಕ್ ಪಂಪಿಗೇ ಹೋದರೇನು ಎಂಬ ಪ್ರಶ್ನೆ ಸಹಜ. ಟ್ಯಾಂಕಿನ ಪಕ್ಕದಲ್ಲಿ, ತಂಪಿನಲ್ಲಿ ಕೂತು ಹೀರುವ ಬದಲು ತಳ್ಳುವ ಪಂಪಿಗೆ ವೇಪರ್ ಲಾಕಿನ ಕಾಟ ಕಡಿಮೆ, ನಿಜ. ಬಹಳ ದಿನ ನಿಂತ ಕಾರಿನ ಒಣಗಿದ ಕಾರ್ಬುರೇಟರನ್ನು ಅದು ಕೆಲವೇ ಸೆಕೆಂಡುಗಳಲ್ಲಿ ತುಂಬಿಸುತ್ತದೆ, ಸ್ಟಾರ್ಟರೂ ಬ್ಯಾಟರಿಯೂ ಉಳಿಯುತ್ತವೆ. ಆದರೆ ಎ.ಸಿ. ಪಂಪು ಪುಕ್ಕಟೆಯಾಗಿ ಕೊಡುತ್ತಿದ್ದ ಸುರಕ್ಷತೆಯನ್ನು ಇಲ್ಲಿ ಕೊಂಡು ತರಬೇಕು. ಎಂಜಿನ್ ನಿಂತಾಗ ಕರೆಂಟ್ ಕಡಿಯಲು ಆಯಿಲ್ ಪ್ರೆಶರ್ ಸ್ವಿಚ್ಚು, ಡಿಕ್ಕಿಯಾದಾಗ ಕಡಿಯಲು ಇನ್ನೊಂದು, ಜೊತೆಗೆ ರಿಲೇ, ಫ್ಯೂಸು. ಇವಿಲ್ಲದೆ ಇಗ್ನಿಷನ್ ವೈರಿಗೆ ನೇರವಾಗಿ ಕಟ್ಟಿದ ಪಂಪು ಬೆಂಕಿಗೆ ಕೊಟ್ಟ ಆಹ್ವಾನ. ಕೈಗೆ ಸಿಕ್ಕಿತೆಂದು ಇಂಜೆಕ್ಷನ್ ಕಾರಿನ ಪಂಪು ಜೋಡಿಸುವುದಂತೂ ಕೂಡದು. ಅವು 40 ಪಿ.ಎಸ್.ಐ.ಗೂ ಮೇಲಿನ ಒತ್ತಡಕ್ಕೆ ಮಾಡಿದವು. ಆ ರಭಸಕ್ಕೆ ಸೂಜಿ ವಾಲ್ವ್ ಸೋತು ಕಾರ್ಬುರೇಟರ್ ಉಕ್ಕುತ್ತದೆ, ಕೆಳಗೆ ಕಾದ ಎಗ್ಸಾಸ್ಟ್ ಇರುತ್ತದೆ. ಎಲೆಕ್ಟ್ರಿಕ್ ಎಂದರೆ ಕೈಕೊಡುವುದಿಲ್ಲ ಎಂಬ ನಂಬಿಕೆಯೂ ಪೊಳ್ಳು. ಮೋರಿಸ್ ಮೈನರ್, ಎಂ.ಜಿ.ಬಿ. ಕಾರುಗಳಿಗೆ ಕಾರ್ಖಾನೆಯಿಂದಲೇ ಎಸ್.ಯು. ಎಲೆಕ್ಟ್ರಿಕ್ ಪಂಪು ಬರುತ್ತಿತ್ತು; ಅದರ ಪಾಯಿಂಟುಗಳು ಸುಟ್ಟು ಪಂಪು ಮೌನವಾದಾಗ ಮಾಲೀಕರು ಅದಕ್ಕೆ ಮೆಲ್ಲಗೆ ತಟ್ಟಿ ಎಬ್ಬಿಸುತ್ತಿದ್ದರು.

ಎರಡೂ ಇರಲಿ ಎಂದು ಒಪ್ಪಿದವರೂ ಎಡವುವ ಜಾಗ ಒಂದಿದೆ. ಸಾಮಾನ್ಯವಾಗಿ ಎಲೆಕ್ಟ್ರಿಕ್ ಪಂಪನ್ನು ಅದೇ ಪೈಪಿನಲ್ಲಿ, ಹಳೆಯದರ ಹಿಂದೆ ಸಾಲಾಗಿ ಕೂರಿಸುತ್ತಾರೆ. ಡಯಾಫ್ರಮ್ ಗಟ್ಟಿಯಿದ್ದರೆ ತೊಂದರೆಯಿಲ್ಲ. ಅದು ಹರಿದ ದಿನ, ಅಂದರೆ ಸಹಾಯ ನಿಜವಾಗಿ ಬೇಕಾದ ದಿನ, ಹಿಂದಿನ ಪಂಪು ಪೆಟ್ರೋಲನ್ನು ಒತ್ತಿ ಒತ್ತಿ ಆಯಿಲ್ ಸಂಪಿಗೆ ತುಂಬಿಸುತ್ತದೆ. ಕಾರು ಓಡುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪರಿಹಾರ ಕಷ್ಟವೇನಲ್ಲ: ಎಲೆಕ್ಟ್ರಿಕ್ ಪಂಪಿಗೆ ಪ್ರತ್ಯೇಕ ದಾರಿ ಕೊಟ್ಟು, ಎರಡರ ಮುಂದೆಯೂ ಒಮ್ಮುಖ ವಾಲ್ವ್ ಹಾಕಿ, ಕಾರ್ಬುರೇಟರಿಗೆ ಮುಂಚೆ ಕೂಡಿಸಬೇಕು. ಒಂದೆರಡು ಜೋಡಣೆ ಹೆಚ್ಚಾಗುತ್ತದೆ, ಸೋರುವ ಜಾಗವೂ ಹೆಚ್ಚಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಹೊರಗೆ ಸೋರಿದ್ದು ಮೂಗಿಗೆ ತಿಳಿಯುತ್ತದೆ, ಸಂಪಿಗೆ ಇಳಿದದ್ದು ತಿಳಿಯುವುದಿಲ್ಲ. ಇನ್ನು ಮೂಲರೂಪ ಕೆಡುತ್ತದೆ ಎನ್ನುವ ವಿಂಟೇಜ್ ಪ್ರಿಯರಿಗೆ ಸಮಾಧಾನವೂ ಇದರಲ್ಲೇ ಇದೆ: ಬಾನೆಟ್ ತೆಗೆದರೆ ಎ.ಸಿ. ಪಂಪು ತನ್ನ ಜಾಗದಲ್ಲೇ ಕಾಣುತ್ತದೆ, ಹೊಸದು ಹಿಂದೆ ಟ್ಯಾಂಕಿನ ಬಳಿ ಮರೆಯಲ್ಲಿರುತ್ತದೆ, ಬೇಡವೆಂದಾಗ ಬಿಚ್ಚಬಹುದು.

ಹಣ ಬಿಚ್ಚುವ ಮೊದಲು ತಪ್ಪು ಪಂಪಿನದೇ ಎಂದು ಖಚಿತ ಮಾಡಿಕೊಳ್ಳಿ. ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಏರಿದ್ದರೆ ಕಾರು ಓಡಿಸಬೇಡಿ. ಎಂಜಿನ್ ತಣ್ಣಗಿರುವಾಗ, ಇಗ್ನಿಷನ್ ಕಾಯಿಲ್ಲಿನ ವೈರು ಬಿಡಿಸಿ, ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಾಟಲಿಗಿಟ್ಟು ಸ್ಟಾರ್ಟರ್ ತಿರುಗಿಸಲು ಮೆಕ್ಯಾನಿಕ್‌ಗೆ ಹೇಳಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬಂದರೆ ಪಂಪು ಬಹುಮಟ್ಟಿಗೆ ಚೆನ್ನಾಗಿದೆ. ಬರದಿದ್ದರೂ ಕಟ್ಟಿದ ಫಿಲ್ಟರು, ಗಾಳಿ ಎಳೆಯುವ ಬಿರುಕು ಪೈಪು, ತೂತು ಮುಚ್ಚಿದ ಟ್ಯಾಂಕಿನ ಮುಚ್ಚಳ ಇವನ್ನೆಲ್ಲ ನೋಡಿಸಿದ ಮೇಲೆಯೇ ಪಂಪಿಗೆ ಕೈಹಾಕಿಸಿ.